ಕಂಪನಿ ಯಾರ ದುಡ್ಡಿನ ಮೇಲೆ ನಿಂತಿದೆ? ಷೇರು ಕೊಳ್ಳುವ ಮುಂಚೆ ಸಾಲ-ಈಕ್ವಿಟಿ ನೋಡುವ ಬಗೆ

2017ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಟಿಕೆ ಅಂಗಡಿಗಳ ಸರಪಳಿ ಟಾಯ್ಸ್ ಆರ್ ಅಸ್ ದಿವಾಳಿ ಅರ್ಜಿ ಹಾಕಿತು. ವ್ಯಾಪಾರ ನಿಂತೇಹೋಗಿತ್ತು ಅಂದುಕೊಳ್ಳಬೇಡಿ. ಅದರ ಹಿಂದಿನ ಹಣಕಾಸು ವರ್ಷದಲ್ಲೂ 1,100 ಕೋಟಿ ಡಾಲರ್ ಮೀರಿದ ಮಾರಾಟವಿತ್ತು. ಬಡ್ಡಿ ಕಟ್ಟುವ ಮುಂಚೆ ಸುಮಾರು 46 ಕೋಟಿ ಡಾಲರ್ ಲಾಭವೂ ಇತ್ತು. ಆದರೆ ಬಡ್ಡಿಯೇ ಹೆಚ್ಚುಕಡಿಮೆ ಅಷ್ಟಿತ್ತು. ವರ್ಷವಿಡೀ ದುಡಿದದ್ದೆಲ್ಲ ಸಾಲ ಕೊಟ್ಟವರ ಕೈಗೆ ಹೋಯಿತು. ಅಂಗಡಿಗಳನ್ನು ಸರಿಮಾಡಲು, ಆನ್‌ಲೈನ್ ಮಾರಾಟ ಬೆಳೆಸಲು ಹೆಚ್ಚೇನೂ ಉಳಿಯಲಿಲ್ಲ. 2018ರ ಮಾರ್ಚಿನಲ್ಲಿ ಅಮೆರಿಕದ ಅಂಗಡಿಗಳನ್ನೆಲ್ಲ ಮುಚ್ಚುವ ತೀರ್ಮಾನವಾಯಿತು.

ಆ ಸಾಲ ಎಲ್ಲಿಂದ ಬಂತು? 2005ರಲ್ಲಿ ಮೂರು ಹೂಡಿಕೆ ಸಂಸ್ಥೆಗಳು ಸೇರಿ ಸುಮಾರು 660 ಕೋಟಿ ಡಾಲರಿಗೆ ಕಂಪನಿಯನ್ನು ಕೊಂಡಿದ್ದವು. ಅದರಲ್ಲಿ ಬಹುಪಾಲು ಸಾಲದ ಹಣ. ತೀರಿಸುವ ಹೊಣೆ ಬಿದ್ದದ್ದು ಕೊಂಡವರ ಮೇಲಲ್ಲ, ಕಂಪನಿಯ ಮೇಲೆ.

ಷೇರು ಕೊಳ್ಳುವಾಗ ಎಲ್ಲರೂ ಮಾರಾಟ ನೋಡುತ್ತಾರೆ, ಲಾಭ ನೋಡುತ್ತಾರೆ, ಷೇರಿನ ಬೆಲೆ ನೋಡುತ್ತಾರೆ. ಆ ವ್ಯಾಪಾರ ಯಾರ ದುಡ್ಡಿನ ಮೇಲೆ ನಿಂತಿದೆ ಎಂದು ನೋಡುವವರು ಕಡಿಮೆ. ನಾನೂ ಶುರುವಿನಲ್ಲಿ ಹಾಗೆಯೇ ಇದ್ದೆ. ಸಾಲದ ವಿವರವಿರುವ ಪುಟ ಬಂದರೆ ಸುಮ್ನೆ ಮಗುಚಿಹಾಕುತ್ತಿದ್ದೆ. ಆಮೇಲೆ ನೋಡತೊಡಗಿದಾಗಲೂ ಮಾಡಿದ ತಪ್ಪೆಂದರೆ, ಸಾಲ ಎಷ್ಟಿದೆ ಎಂಬ ಒಂದೇ ಅಂಕಿಯನ್ನು ಹಿಡಿದು ಕೂತದ್ದು. ಅದರಿಂದ ಅರ್ಧ ಮಾತ್ರ ಗೊತ್ತಾಗುತ್ತದೆ. ಸಾಲವನ್ನು ಯಾವಾಗ ತೀರಿಸಬೇಕು, ಎಂಥ ದುಡಿಮೆಯಿಂದ ತೀರಿಸಬೇಕು, ಎಡವಿದರೆ ಮೊದಲು ಯಾರು ಕೈಸುಟ್ಟುಕೊಳ್ಳುತ್ತಾರೆ ಎಂಬುದರಲ್ಲಿ ಉಳಿದರ್ಧ ಇದೆ. ಕೈಯಲ್ಲಿ ಯಾವುದಾದರೂ ಕಂಪನಿಯ ವಾರ್ಷಿಕ ವರದಿ, ಪಕ್ಕದಲ್ಲಿ ಒಂದು ಖಾಲಿ ಹಾಳೆ ಇಟ್ಟುಕೊಂಡು ಮುಂದೆ ಓದಿ.

ಮೊದಲು ಒಂದು ಪುಟ್ಟ ಲೆಕ್ಕ

ಕಂಪನಿಗೆ ಹಣ ಬರುವ ದಾರಿ ಮುಖ್ಯವಾಗಿ ಎರಡು. ಒಂದು ಮಾಲೀಕರ ಹಣ. ಷೇರು ಕೊಂಡವರು ಹಾಕಿದ್ದು, ಜೊತೆಗೆ ವರ್ಷ ವರ್ಷ ಲಾಭದಲ್ಲಿ ಹಂಚದೆ ಉಳಿಸಿಕೊಂಡದ್ದು. ಇದು ಈಕ್ವಿಟಿ. ಇನ್ನೊಂದು ಸಾಲ. ಬ್ಯಾಂಕಿನಿಂದ ತಂದದ್ದು, ಬಾಂಡ್ ಅಥವಾ ಡಿಬೆಂಚರ್ ಎಂಬ ಸಾಲಪತ್ರ ಮಾರಿ ಎತ್ತಿದ್ದು. ಲಾಭ ಬರಲಿ ಬಿಡಲಿ, ಸಾಲಕ್ಕೆ ಬಡ್ಡಿ ಕಟ್ಟಬೇಕು, ಗಡುವಿಗೆ ಅಸಲು ಕೊಡಬೇಕು. ಈಕ್ವಿಟಿಗೆ ಗಡುವೂ ಇಲ್ಲ, ಬಡ್ಡಿಯೂ ಇಲ್ಲ. ಎಲ್ಲರಿಗೂ ಕೊಟ್ಟು ಮಿಕ್ಕಿದ್ದು ಷೇರುದಾರರದು. ಏನೂ ಮಿಗದಿದ್ದರೆ ಏನೂ ಇಲ್ಲ.

ಈಗ ಎರಡು ಕಂಪನಿಗಳನ್ನು ಊಹಿಸಿಕೊಳ್ಳಿ. ಒಂದೇ ವ್ಯಾಪಾರ, ಒಂದೇ ಗಾತ್ರ. ಎರಡಕ್ಕೂ 1,000 ಬಂಡವಾಳ ಬೇಕು. ಕಂಪನಿ ‘ಅ’ ಅಷ್ಟನ್ನೂ ಷೇರುದಾರರಿಂದಲೇ ತಂದಿದೆ. ಕಂಪನಿ ‘ಬ’ ಷೇರುದಾರರಿಂದ 400 ತಂದು, 600ನ್ನು ಶೇ 10ರ ಬಡ್ಡಿಗೆ ಸಾಲ ಮಾಡಿದೆ. ಅಂದರೆ ವರ್ಷಕ್ಕೆ 60 ಬಡ್ಡಿ. ತೆರಿಗೆ ಶೇ 25 ಇರಲಿ.

ಸಾಧಾರಣ ವರ್ಷದಲ್ಲಿ ಬಡ್ಡಿ, ತೆರಿಗೆಗೆ ಮುಂಚಿನ ಲಾಭ 150. ‘ಅ’ಗೆ ತೆರಿಗೆ ಕಳೆದು 112.5 ಉಳಿಯುತ್ತದೆ. 1,000 ಹಾಕಿದವರಿಗೆ ಶೇ 11.25 ಗಳಿಕೆ. ‘ಬ’ ಬಡ್ಡಿ ಕಟ್ಟಿದ ಮೇಲೆ 90, ತೆರಿಗೆ ಕಳೆದರೆ 67.5. ಆದರೆ ಹಾಕಿದ್ದು ಬರೀ 400, ಹಾಗಾಗಿ ಗಳಿಕೆ ಸುಮಾರು ಶೇ 16.9. ಲಾಭ 210ಕ್ಕೆ ಏರಿದ ಒಳ್ಳೆಯ ವರ್ಷದಲ್ಲಿ ‘ಅ’ಗೆ ಶೇ 15.75, ‘ಬ’ಗೆ ಶೇ 28ಕ್ಕೂ ಮೇಲೆ. ಇದನ್ನು ಮಾತ್ರ ನೋಡಿದವರು ‘ಬ’ಯನ್ನು ನಡೆಸುವವರು ಭಾರೀ ಜಾಣರು ಅನ್ನುತ್ತಾರೆ. ವ್ಯಾಪಾರದಲ್ಲಿ ಒಂದು ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ, ನೆನಪಿರಲಿ.

ಈಗ ಕೆಟ್ಟ ವರ್ಷ. ಲಾಭ 80ಕ್ಕೆ ಇಳಿಯಿತು. ‘ಅ’ಗೆ ಶೇ 6 ಸಿಕ್ಕಿತು. ‘ಬ’ಗೆ ಬಡ್ಡಿ ಕಳೆದು 20, ತೆರಿಗೆ ಕಳೆದು 15, ಅಂದರೆ ಶೇ 3.75. ವ್ಯಾಪಾರದ ಲಾಭ ಇಳಿದದ್ದು ಶೇ 47ರಷ್ಟು. ‘ಬ’ಯ ಷೇರುದಾರರ ಪಾಲು ಇಳಿದದ್ದು ಶೇ 78ರಷ್ಟು. ಲಾಭ ಇನ್ನೂ ಇಳಿದು 40 ಆದರೆ ‘ಅ’ ಇನ್ನೂ ಲಾಭದಲ್ಲೇ ಇರುತ್ತದೆ. ‘ಬ’ 20 ನಷ್ಟದಲ್ಲಿರುತ್ತದೆ.

ಎರಡೂ ಸಮವಾಗುವ ಒಂದು ಜಾಗವಿದೆ. ಲಾಭ ಸರಿಯಾಗಿ 100 ಇದ್ದಾಗ ಎರಡು ಕಡೆಯೂ ಗಳಿಕೆ ಶೇ 7.5. ಕಾರಣ, ಆಗ ಬಂಡವಾಳದ ಮೇಲೆ ವ್ಯಾಪಾರ ದುಡಿಯುವ ದರವೂ ಸಾಲದ ಬಡ್ಡಿ ದರವೂ ಒಂದೇ, ಶೇ 10. ದುಡಿಮೆ ಅದಕ್ಕಿಂತ ಮೇಲಿದ್ದರೆ ಸಾಲ ಷೇರುದಾರರ ಪರ. ಕೆಳಗಿದ್ದರೆ ವಿರುದ್ಧ. ಈ ಗೆರೆ ಎಲ್ಲಿದೆ, ಕಂಪನಿ ಅದರ ಮೇಲೆ ಎಷ್ಟು ದೂರದಲ್ಲಿದೆ ಎಂದು ಹುಡುಕುವುದೇ ಮುಂದಿನ ಕೆಲಸದ ಮುಕ್ಕಾಲು ಪಾಲು.

ಪಂಡಿತರು ಏನನ್ನುತ್ತಾರೆ

1958ರಲ್ಲಿ ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ವಿಚಿತ್ರವೆನಿಸುವ ಮಾತು ಹೇಳಿದರು. ತೆರಿಗೆ ಇಲ್ಲ, ದಿವಾಳಿಯ ಖರ್ಚಿಲ್ಲ, ಎಲ್ಲರಿಗೂ ಒಂದೇ ಮಾಹಿತಿ ಇದೆ, ಎಲ್ಲರಿಗೂ ಒಂದೇ ದರಕ್ಕೆ ಸಾಲ ಸಿಗುತ್ತದೆ ಎಂದಾದರೆ, ಸಾಲ ಮತ್ತು ಈಕ್ವಿಟಿಯ ಪಾಲು ಹೇಗಿದ್ದರೂ ಕಂಪನಿಯ ಬೆಲೆ ಬದಲಾಗುವುದಿಲ್ಲ ಎಂದು. ಸಾಲ ಅಗ್ಗ ಅನ್ನಿಸುತ್ತದೆ, ನಿಜ. ಆದರೆ ಸಾಲ ಜಾಸ್ತಿಯಾದಷ್ಟೂ ಷೇರುದಾರರ ಅಪಾಯ ಏರುತ್ತದೆ, ಅವರು ಕೇಳುವ ಗಳಿಕೆಯೂ ಏರುತ್ತದೆ. ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಹೋಗುತ್ತದೆ.

ಹಾಗಾದರೆ ಈ ಬರಹವೇ ದಂಡ ಅಲ್ವಾ? ಇಲ್ಲ. ಆ ಮಾತಿನ ಉಪಯೋಗ ಅದರ ಷರತ್ತುಗಳಲ್ಲಿದೆ. ಅವುಗಳಲ್ಲಿ ಯಾವುದು ನಿಜ ಜಗತ್ತಿನಲ್ಲಿ ಮುರಿಯುತ್ತದೋ ಅಲ್ಲೇ ಹುಡುಕಬೇಕು. ಮೊದಲು ಮುರಿಯುವುದು ತೆರಿಗೆ. ಬಹುತೇಕ ದೇಶಗಳಲ್ಲಿ ಬಡ್ಡಿಯನ್ನು ಖರ್ಚೆಂದು ಕಳೆಯಬಹುದು, ಲಾಭಾಂಶವನ್ನು ಕಳೆಯುವಂತಿಲ್ಲ. ನಮ್ಮ ಲೆಕ್ಕದಲ್ಲಿ ‘ಬ’ ಪ್ರತಿ ವರ್ಷ 60 ಬಡ್ಡಿಯ ಮೇಲೆ 15 ತೆರಿಗೆ ಉಳಿಸುತ್ತದೆ. 1963ರಲ್ಲಿ ಅದೇ ಇಬ್ಬರು ಇದನ್ನು ಒಪ್ಪಿ ತಮ್ಮ ಲೆಕ್ಕ ತಿದ್ದಿದರು. ಈಗ ಈ ಉಳಿತಾಯಕ್ಕೂ ಅಂಕೆ ಬಿದ್ದಿದೆ. ಅಮೆರಿಕದಲ್ಲಿ 2018ರಿಂದ ದೊಡ್ಡ ಕಂಪನಿಗಳು ಕಳೆಯಬಹುದಾದ ಬಡ್ಡಿಗೆ ಆದಾಯದ ಶೇ 30ರ ಮಿತಿಯಿದೆ. ಯುರೋಪಿಯನ್ ಒಕ್ಕೂಟದಲ್ಲೂ ಇಂಥದ್ದೇ ನಿಯಮವಿದೆ.

ಎರಡನೆಯದಾಗಿ ಮುರಿಯುವುದು ದಿವಾಳಿಯ ಖರ್ಚು. ಇದು ಬರೀ ವಕೀಲರ ಫೀಸಲ್ಲ. ಕಂಪನಿ ಮುಳುಗಬಹುದು ಎಂಬ ಗುಸುಗುಸು ಶುರುವಾದ ಕೂಡಲೇ ಸರಕು ಕೊಡುವವರು ಮುಂಗಡ ಕೇಳುತ್ತಾರೆ, ಒಳ್ಳೆಯ ನೌಕರರು ಬೇರೆ ಕೆಲಸ ಹುಡುಕುತ್ತಾರೆ, ಗಿರಾಕಿಗಳು ವಾರಂಟಿ ಬಗ್ಗೆ ಯೋಚಿಸುತ್ತಾರೆ. ದಿವಾಳಿ ಆಗುವ ಬಹಳ ಮೊದಲೇ ಈ ಖರ್ಚು ಶುರುವಾಗಿರುತ್ತದೆ.

ಹೆಜ್ಜೆ 1: ಸಾಲವನ್ನೆಲ್ಲ ಒಂದೆಡೆ ಕೂಡಿಸಿ

ಬ್ಯಾಲೆನ್ಸ್ ಶೀಟ್, ಅಂದರೆ ಕಂಪನಿಯ ಆಸ್ತಿ ಮತ್ತು ಹೊಣೆಗಳ ಪಟ್ಟಿ, ತೆರೆಯಿರಿ. ಸಾಲ ಒಂದೇ ಸಾಲಿನಲ್ಲಿ ಇರುವುದಿಲ್ಲ. ದೀರ್ಘಾವಧಿ ಸಾಲ ಒಂದು ಕಡೆ, ಒಂದು ವರ್ಷದೊಳಗಿನ ಸಾಲ ಇನ್ನೊಂದು ಕಡೆ. ದೀರ್ಘಾವಧಿ ಸಾಲದಲ್ಲಿ ಈ ವರ್ಷ ಕಟ್ಟಬೇಕಾದ ಕಂತನ್ನು ಮತ್ತೊಂದು ಕಡೆ ಬರೆದಿರುತ್ತಾರೆ. ಮೂರನ್ನೂ ಕೂಡಿಸಿ.

ಅದಕ್ಕೆ ಗುತ್ತಿಗೆ ಹೊಣೆಯನ್ನೂ ಸೇರಿಸಿ. ವಿಮಾನ, ಅಂಗಡಿ ಜಾಗ, ಗೋದಾಮುಗಳನ್ನು ವರ್ಷಗಟ್ಟಲೆ ಬಾಡಿಗೆಗೆ ಹಿಡಿದ ಕಂಪನಿಗೆ ಆ ಬಾಡಿಗೆಯೂ ಸಾಲದ ಹಾಗೆಯೇ, ಬಿಡುವಂತಿಲ್ಲ. ಅಂತಾರಾಷ್ಟ್ರೀಯ ಲೆಕ್ಕಪತ್ರ ನಿಯಮಗಳು 2019ರ ಜನವರಿಯಿಂದ ಇಂಥ ಬಹುತೇಕ ಗುತ್ತಿಗೆಗಳನ್ನು ಬ್ಯಾಲೆನ್ಸ್ ಶೀಟಿಗೆ ತಂದವು. ಹಾಗಾಗಿ ಅದಕ್ಕೆ ಮುಂಚಿನ ವರ್ಷಗಳ ಜೊತೆ ಹೋಲಿಸುವಾಗ ಎಚ್ಚರ. ಸಾಲ ದಿಢೀರ್ ಏರಿದಂತೆ ಕಂಡರೂ ಏರಿದ್ದು ಸಾಲವಲ್ಲ, ಬದಲಾದದ್ದು ನಿಯಮ.

ಸರಕು ಕೊಟ್ಟವರಿಗೆ ಕೊಡಬೇಕಾದ ಮಾಮೂಲಿ ಬಾಕಿಯನ್ನು ಸಾಲವೆಂದು ಎಣಿಸುವುದಿಲ್ಲ. ಆದರೆ ಆ ಬಾಕಿ ಮಾರಾಟಕ್ಕಿಂತ ಬೇಗ ಬೇಗ ಬೆಳೆಯುತ್ತಿದ್ದರೆ ಟಿಪ್ಪಣಿ ಓದಿ. ಬ್ಯಾಂಕು ಸರಬರಾಜುದಾರರಿಗೆ ಮೊದಲೇ ಹಣ ಕೊಟ್ಟು, ಕಂಪನಿಯಿಂದ ತಿಂಗಳುಗಟ್ಟಲೆ ಬಿಟ್ಟು ವಸೂಲಿ ಮಾಡುವ ಏರ್ಪಾಡು ಇರಬಹುದು. ಹೆಸರು ‘ಇತರ ಬಾಕಿ’, ಗುಣ ಸಾಲದ್ದು. 2018ರ ಜನವರಿಯಲ್ಲಿ ಕುಸಿದ ಬ್ರಿಟನ್ನಿನ ಕಟ್ಟಡ ಕಂಪನಿ ಕ್ಯಾರಿಲಿಯನ್ ವಿಷಯದಲ್ಲಿ ಇದೇ ದೊಡ್ಡ ಪ್ರಶ್ನೆಯಾಯಿತು. ಅಂಗಸಂಸ್ಥೆಗಳ ಸಾಲಕ್ಕೆ ಕೊಟ್ಟ ಖಾತರಿಗಳೂ ಟಿಪ್ಪಣಿಯಲ್ಲೇ ಅಡಗಿರುತ್ತವೆ.

ಕೊನೆಗೆ ಕೈಯಲ್ಲಿರುವ ನಗದನ್ನು ಕಳೆಯಿರಿ. ಸಿಗುವುದು ನಿವ್ವಳ ಸಾಲ. ಇಲ್ಲೊಂದು ಮೋಸವಿದೆ. ಬ್ಯಾಲೆನ್ಸ್ ಶೀಟ್ ಒಂದು ದಿನದ ಫೋಟೊ ಅಷ್ಟೆ. ಫೋಟೊ ತೆಗೆಯುವ ದಿನ ಎಲ್ಲರೂ ತಲೆ ಬಾಚಿಕೊಂಡಿರುತ್ತಾರೆ. ಅಮೆರಿಕದ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ 2008ರಲ್ಲಿ ತ್ರೈಮಾಸಿಕದ ಕೊನೆಯ ದಿನಗಳಲ್ಲಿ ಸುಮಾರು 5,000 ಕೋಟಿ ಡಾಲರ್ ಮೊತ್ತದ ಆಸ್ತಿಯನ್ನು ಹೊರಗಿಟ್ಟು, ಆಮೇಲೆ ವಾಪಸ್ ತರುತ್ತಿತ್ತು. ಸಾಲ ಕಡಿಮೆ ಇದೆ ಎಂದು ತೋರಿಸಲು. ಇಂಥದ್ದನ್ನು ಹಿಡಿಯಲು ಒಂದು ಸುಲಭ ದಾರಿ: ವರ್ಷದ ಬಡ್ಡಿ ಖರ್ಚನ್ನು ವರ್ಷದ ಆರಂಭ ಮತ್ತು ಕೊನೆಯ ಸಾಲದ ಸರಾಸರಿಯಿಂದ ಭಾಗಿಸಿ. ಬಂದ ದರ ಕಂಪನಿ ಹೇಳುವ ಬಡ್ಡಿ ದರಕ್ಕಿಂತ ತುಂಬಾ ಮೇಲಿದ್ದರೆ, ವರ್ಷದ ನಡುವೆ ಸಾಲ ಇನ್ನೂ ಹೆಚ್ಚಿತ್ತು ಎಂದು ಅನುಮಾನಪಡಬಹುದು.

ಹೆಜ್ಜೆ 2: ಮೂರು ಅನುಪಾತ ಬರೆದುಕೊಳ್ಳಿ

ಮೊದಲನೆಯದು ಸಾಲ-ಈಕ್ವಿಟಿ ಅನುಪಾತ. ಸಾಲವನ್ನು ಈಕ್ವಿಟಿಯಿಂದ ಭಾಗಿಸುವುದು. ‘ಬ’ಗೆ 600 ಭಾಗಿಸು 400, ಅಂದರೆ 1.5. ಎಲ್ಲ ವೆಬ್‌ಸೈಟುಗಳಲ್ಲೂ ಸಿಗುವುದು ಇದೇ. ನನಗೆ ಮೂರರಲ್ಲಿ ಇದರ ಮೇಲೆಯೇ ಕಡಿಮೆ ನಂಬಿಕೆ. ಪುಸ್ತಕದ ಈಕ್ವಿಟಿ ಎನ್ನುವುದು ಹಳೆಯ ಲೆಕ್ಕಗಳ ಮೊತ್ತ. ಮೆಕ್‌ಡೊನಾಲ್ಡ್ಸ್ ವರ್ಷಗಟ್ಟಲೆ ತನ್ನದೇ ಷೇರುಗಳನ್ನು ಮರಳಿ ಕೊಂಡು, 2016ರಿಂದ ಅದರ ಪುಸ್ತಕದ ಈಕ್ವಿಟಿ ಸೊನ್ನೆಗಿಂತ ಕೆಳಗಿದೆ. ಅನುಪಾತ ಹಾಕಿದರೆ ಅರ್ಥವಿಲ್ಲದ ಅಂಕಿ ಬರುತ್ತದೆ. ಕಂಪನಿಯೇನೂ ಬಾಗಿಲು ಮುಚ್ಚಿಲ್ಲ. ಪುಸ್ತಕದ ಈಕ್ವಿಟಿಯ ಬದಲು ಮಾರುಕಟ್ಟೆ ಬೆಲೆ ಹಾಕಿಯೂ ನೋಡಬಹುದು. ಆದರೆ ಷೇರು ಬಿದ್ದ ದಿನ ಆ ಅನುಪಾತವೂ ಕೆಡುತ್ತದೆ.

ಎರಡನೆಯದು ನಿವ್ವಳ ಸಾಲಕ್ಕೂ ಎಬಿಟ್ಡಾಗೂ ಇರುವ ಅನುಪಾತ. ಎಬಿಟ್ಡಾ ಅಂದರೆ ಬಡ್ಡಿ, ತೆರಿಗೆ, ಸವಕಳಿ ಯಾವುದನ್ನೂ ಕಳೆಯದ ಗಳಿಕೆ. ಈಗಿನ ದುಡಿಮೆಯಷ್ಟನ್ನೂ ಸಾಲಕ್ಕೇ ಸುರಿದರೆ ಎಷ್ಟು ವರ್ಷ ಬೇಕು ಎಂಬುದರ ಒರಟು ಲೆಕ್ಕ. ಸವಕಳಿ ಕಳೆಯದಿರುವುದೇ ಇದರ ದೋಷ. ಯಂತ್ರ ಸವೆದರೆ ಹೊಸದು ತರಲೇಬೇಕಲ್ಲ, ಆ ಹಣ ಸಾಲ ಕೊಟ್ಟವರಿಗೆ ಸಿಗುವುದಿಲ್ಲ. ದೊಡ್ಡ ಯಂತ್ರಗಳಿರುವ ಕಂಪನಿಯಾದರೆ ಎಬಿಟ್ಡಾದ ಬದಲು ಸವಕಳಿ ಕಳೆದ ಲಾಭವನ್ನೇ ಹಾಕಿ.

ಮೂರನೆಯದು ಬಡ್ಡಿ ರಕ್ಷಣೆ. ಬಡ್ಡಿ, ತೆರಿಗೆಗೆ ಮುಂಚಿನ ಲಾಭವನ್ನು ಬಡ್ಡಿಯಿಂದ ಭಾಗಿಸುವುದು. ‘ಬ’ಗೆ ಸಾಧಾರಣ ವರ್ಷದಲ್ಲಿ 2.5, ಕೆಟ್ಟ ವರ್ಷದಲ್ಲಿ 1.33, ಲಾಭ 40ಕ್ಕೆ ಇಳಿದಾಗ 0.67. ಒಂದಕ್ಕಿಂತ ಕೆಳಗೆ ಹೋದರೆ ಬಡ್ಡಿ ಕಟ್ಟಲು ದುಡಿಮೆ ಸಾಲುತ್ತಿಲ್ಲ ಎಂದರ್ಥ. ನಾನು ಮೊದಲು ನೋಡುವುದೇ ಇದನ್ನು. ಟಾಯ್ಸ್ ಆರ್ ಅಸ್ ಈ ಅಂಕಿಯಲ್ಲಿ ಒಂದರ ಅಂಚಿನಲ್ಲಿತ್ತು.

ಹೆಜ್ಜೆ 3: ಅಂಕಿಯನ್ನು ವ್ಯಾಪಾರದ ಪಕ್ಕ ಇಡಿ

ಸಾಲ-ಈಕ್ವಿಟಿ 1.5 ಒಳ್ಳೆಯದೋ ಕೆಟ್ಟದೋ? ವ್ಯಾಪಾರ ಯಾವುದೆಂದು ಹೇಳದೆ ಉತ್ತರವಿಲ್ಲ.

ವಿದ್ಯುತ್ ಸಾಗಿಸುವ ಕಂಪನಿ, ಕೊಳವೆಯಲ್ಲಿ ಅನಿಲ ಸಾಗಿಸುವ ಕಂಪನಿಗಳಿಗೆ ಬೇಡಿಕೆ ಹೆಚ್ಚು ಏರಿಳಿಯುವುದಿಲ್ಲ. ದರವನ್ನು ಎಷ್ಟೋ ಕಡೆ ನಿಯಂತ್ರಕರೇ ಗೊತ್ತುಮಾಡುತ್ತಾರೆ. ಅಂಥವು ಜಾಸ್ತಿ ಸಾಲ ಹೊರಬಲ್ಲವು. ಉಕ್ಕು, ಸಿಮೆಂಟು, ಹಡಗು, ವಿಮಾನಯಾನದ ದುಡಿಮೆ ಅಲೆಯ ಹಾಗೆ. ಮೇಲೆ ಹೋದಾಗ ಆಕಾಶ, ಕೆಳಗೆ ಬಂದಾಗ ಪಾತಾಳ. ಇವಕ್ಕೆ ಸಾಲಕ್ಕೂ ಮುಂಚೆ ಇನ್ನೊಂದು ಹೊರೆಯಿದೆ. ಗಿರಾಕಿ ಬರಲಿ ಬಿಡಲಿ, ಕುಲುಮೆ, ವಿಮಾನ, ಸಿಬ್ಬಂದಿಯ ಖರ್ಚು ನಿಲ್ಲುವುದಿಲ್ಲ. ಮಾರಾಟ ಶೇ 10 ಇಳಿದರೆ ಲಾಭ ಅದಕ್ಕಿಂತ ಎಷ್ಟೋ ಹೆಚ್ಚು ಇಳಿಯುತ್ತದೆ. ಅದರ ಮೇಲೆ ಬಡ್ಡಿಯೂ ಸೇರಿದರೆ ಏಟಿನ ಮೇಲೆ ಏಟು. ಸಾಫ್ಟ್‌ವೇರ್, ಔಷಧ ಸಂಶೋಧನೆಯಂಥ ಕಂಪನಿಗಳಿಗೆ ಒತ್ತೆ ಇಡಲು ಕಟ್ಟಡ, ಯಂತ್ರ ಕಡಿಮೆ. ಸಹಜವಾಗಿ ಸಾಲವೂ ಕಡಿಮೆ.

ಬ್ಯಾಂಕುಗಳ ಮಾತೇ ಬೇರೆ. ಠೇವಣಿ ಅವುಗಳಿಗೆ ಸಾಲವೂ ಹೌದು, ಕಚ್ಚಾವಸ್ತುವೂ ಹೌದು. ಈಕ್ವಿಟಿಯ ಹತ್ತು ಪಟ್ಟು ಸಾಲ ಅಲ್ಲಿ ಮಾಮೂಲಿ. ಹಾಗಾಗಿ ಈ ಅನುಪಾತಗಳನ್ನು ಬಿಟ್ಟು, ಬಂಡವಾಳ ಸಾಕಷ್ಟಿದೆಯೇ ಎಂದು ನಿಯಂತ್ರಕರು ಅಳೆಯುವ ಅನುಪಾತ ನೋಡಬೇಕು. ಬ್ಯಾಂಕಿನ ಷೇರನ್ನು ಕಾರ್ಖಾನೆಯ ಷೇರಿನ ಜೊತೆ ಈ ವಿಷಯದಲ್ಲಿ ಹೋಲಿಸಲೇಬೇಡಿ.

ಹೆಜ್ಜೆ 4: ಗಡುವು, ದರ, ಕರೆನ್ಸಿ, ಷರತ್ತು

ಹೆಚ್ಚು ಹೊತ್ತು ಕೊಡಬೇಕಾದ ಹೆಜ್ಜೆ ಇದು. ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಯಾವ ವರ್ಷ ಎಷ್ಟು ಸಾಲ ತೀರಿಸಬೇಕು ಎಂಬ ಪಟ್ಟಿ ಇರುತ್ತದೆ. ಅದನ್ನು ಹಾಳೆಗೆ ಇಳಿಸಿ.

600ರ ಸಾಲ ಹತ್ತು ವರ್ಷಗಳಿಗೆ ಹರಡಿದ್ದರೆ ವರ್ಷಕ್ಕೆ 60 ಅಸಲು. ಅದೇ 600 ಮುಂದಿನ ವರ್ಷ ಒಟ್ಟಿಗೆ ಬರುವುದಿದ್ದರೆ? ಯಾವ ಕಂಪನಿಯೂ ಅಷ್ಟನ್ನು ಒಂದೇ ವರ್ಷದ ದುಡಿಮೆಯಿಂದ ತೀರಿಸುವುದಿಲ್ಲ. ಹೊಸ ಸಾಲ ತಂದು ಹಳೆಯದನ್ನು ತೀರಿಸುತ್ತದೆ. ಆ ದಿನ ಮಾರುಕಟ್ಟೆಯ ಬಾಗಿಲು ತೆರೆದಿರಬೇಕು. 2008ರ ಹಣಕಾಸು ಬಿಕ್ಕಟ್ಟಿನಲ್ಲಿ ಅದು ಮುಚ್ಚಿತ್ತು. ದೀರ್ಘಕಾಲ ಹಿಡಿದಿಡಬೇಕಾದ ಆಸ್ತಿಗೆ ಮೂರು ತಿಂಗಳ, ಒಂದು ದಿನದ ಸಾಲ ಮಾಡಿದವರು ಮೊದಲು ಬಿದ್ದರು. ಅನುಪಾತಗಳು ಈ ಎರಡು ಸಾಲಗಳ ನಡುವೆ ಭೇದ ತೋರಿಸುವುದಿಲ್ಲ ಎಂಬುದೇ ನನ್ನ ತಕರಾರು.

ಮುಂದೆ ಬಡ್ಡಿ ದರ. ಸ್ಥಿರವೋ, ಮಾರುಕಟ್ಟೆಯ ಜೊತೆ ಏರಿಳಿಯುವುದೋ? 2022ರ ಮಾರ್ಚಿನ ಆರಂಭದಲ್ಲಿ ಅಮೆರಿಕದ ಫೆಡರಲ್ ರಿಸರ್ವ್‌ನ ದರ ಸೊನ್ನೆಯ ಹತ್ತಿರವಿತ್ತು. 2023ರ ಜುಲೈ ಹೊತ್ತಿಗೆ ಶೇ 5.25ರಿಂದ 5.50 ಆಗಿತ್ತು. ಹಳೆಯ ಅಗ್ಗದ ದರಕ್ಕೆ ಏಳೆಂಟು ವರ್ಷ ಕಟ್ಟಿಹಾಕಿಕೊಂಡ ಕಂಪನಿಗೆ ಏನೂ ಆಗಲಿಲ್ಲ. ಏರಿಳಿಯುವ ದರದವರ ಬಡ್ಡಿ ಬಿಲ್ಲು ಕಣ್ಣೆದುರೇ ಉಬ್ಬಿತು. ‘ಬ’ಯ ಸಾಲದ ದರ ಶೇ 10ರಿಂದ 14ಕ್ಕೆ ಹೋದರೆ ಬಡ್ಡಿ 84. ಸಾಧಾರಣ ವರ್ಷದ ಬಡ್ಡಿ ರಕ್ಷಣೆ 2.5ರಿಂದ 1.8ಕ್ಕೆ ಇಳಿಯುತ್ತದೆ. ವ್ಯಾಪಾರದಲ್ಲಿ ಏನೂ ಕೆಟ್ಟಿಲ್ಲದಿದ್ದರೂ!

ಕರೆನ್ಸಿ ಇನ್ನೂ ಕ್ರೂರ. 1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ಬಾತ್‌ನ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಹಿಂದೆಯೇ ಇಂಡೊನೇಷ್ಯಾದ ರೂಪಾಯ ಕುಸಿಯಿತು. ಅದಕ್ಕೆ ಮುಂಚೆ ಒಂದು ಡಾಲರಿಗೆ ಸುಮಾರು 2,400 ರೂಪಾಯ ಇತ್ತು. 1998ರ ಆರಂಭದಲ್ಲಿ 10,000 ದಾಟಿತು. ಡಾಲರಿನಲ್ಲಿ ಸಾಲ ಮಾಡಿ ರೂಪಾಯದಲ್ಲಿ ದುಡಿಯುತ್ತಿದ್ದ ಅಲ್ಲಿನ ಕಂಪನಿಗಳು ಹೊಸದಾಗಿ ಒಂದು ಡಾಲರನ್ನೂ ತರದೆ ಸಾಲ ನಾಲ್ಕು ಪಟ್ಟಾದದ್ದನ್ನು ನೋಡಿದವು. ಸಾಲದ ಕರೆನ್ಸಿಯಲ್ಲೇ ಮಾರಾಟವೂ ಇದ್ದರೆ ಭಯವಿಲ್ಲ. ಇಲ್ಲದಿದ್ದರೆ ಮುಂಗಡ ಒಪ್ಪಂದ ಮಾಡಿಕೊಂಡು ದರ ಗಟ್ಟಿ ಮಾಡಿಕೊಂಡಿದ್ದಾರೆಯೇ ಎಂದು ಟಿಪ್ಪಣಿಯಲ್ಲಿ ಹುಡುಕಿ.

ಕೊನೆಯದು ಷರತ್ತುಗಳು. ಸಾಲ ಕೊಟ್ಟವರು ಸುಮ್ಮನೆ ಕೊಟ್ಟಿರುವುದಿಲ್ಲ. ನಿವ್ವಳ ಸಾಲ ಎಬಿಟ್ಡಾದ ಇಷ್ಟು ಪಟ್ಟು ಮೀರಬಾರದು, ಬಡ್ಡಿ ರಕ್ಷಣೆ ಇಷ್ಟಕ್ಕಿಂತ ಇಳಿಯಬಾರದು ಎಂದು ಬರೆಸಿಕೊಂಡಿರುತ್ತಾರೆ. ಅದು ಮುರಿದರೆ, ಕಂತು ತಪ್ಪಿರದಿದ್ದರೂ, ಪೂರ್ತಿ ಸಾಲವನ್ನು ಕೂಡಲೇ ಕೇಳುವ ಹಕ್ಕು ಅವರಿಗೆ ಬರುತ್ತದೆ. ಹಾಗೆ ಕೇಳುವುದು ಅಪರೂಪ. ಹೆಚ್ಚಾಗಿ ಬಡ್ಡಿ ಏರಿಸುತ್ತಾರೆ, ಲಾಭಾಂಶ ನಿಲ್ಲಿಸಿ ಅನ್ನುತ್ತಾರೆ, ಆಸ್ತಿ ಮಾರಿ ಅನ್ನುತ್ತಾರೆ. ಲಗಾಮು ಷೇರುದಾರರ ಕೈಯಿಂದ ಜಾರುವುದು ಇಲ್ಲಿ.

ಹೆಜ್ಜೆ 5: ಸಾಲಿನಲ್ಲಿ ನೀವೆಲ್ಲಿ ನಿಂತಿದ್ದೀರಿ?

ಕಂಪನಿ ಮುಳುಗಿದರೆ ಆಸ್ತಿ ಮಾರಿದ ಹಣವನ್ನು ಒಂದು ಕ್ರಮದಲ್ಲಿ ಹಂಚುತ್ತಾರೆ. ದೇಶದಿಂದ ದೇಶಕ್ಕೆ ವಿವರ ಬೇರೆ, ಒಟ್ಟು ಸಾಲು ಇದೇ: ಒತ್ತೆ ಇಟ್ಟುಕೊಂಡು ಸಾಲ ಕೊಟ್ಟವರು, ಒತ್ತೆ ಇಲ್ಲದೆ ಕೊಟ್ಟವರು, ಹಿಂದೆ ನಿಲ್ಲುತ್ತೇವೆಂದು ಒಪ್ಪಿ ಕೊಟ್ಟವರು, ಆಮೇಲೆ ಪ್ರಾಶಸ್ತ್ಯ ಷೇರಿನವರು (ಸಾಮಾನ್ಯ ಷೇರಿಗಿಂತ ಮೊದಲು ಪಾಲು ಸಿಗುವ ಷೇರು), ಕಟ್ಟಕಡೆಗೆ ಸಾಮಾನ್ಯ ಷೇರಿನವರು. ನೌಕರರ ಸಂಬಳ, ತೆರಿಗೆ ಬಾಕಿಗಳು ನಡುವೆ ಎಲ್ಲೋ ಸೇರುತ್ತವೆ. ನಿಮ್ಮ ಸರದಿ ಬರುವ ಹೊತ್ತಿಗೆ ತಟ್ಟೆ ಸಾಮಾನ್ಯವಾಗಿ ಖಾಲಿ.

ಅಪವಾದಗಳಿವೆ. 2020ರಲ್ಲಿ ದಿವಾಳಿ ಅರ್ಜಿ ಹಾಕಿದ ಕಾರು ಬಾಡಿಗೆ ಕಂಪನಿ ಹರ್ಟ್ಜ್‌ನ ಷೇರುದಾರರಿಗೆ 2021ರಲ್ಲಿ ಕಂಪನಿ ಹೊರಬಂದಾಗ ಏನೋ ಒಂದಿಷ್ಟು ಸಿಕ್ಕಿತು. ಅದನ್ನು ನಂಬಿಕೊಂಡು ದಿವಾಳಿ ಷೇರು ಕೊಳ್ಳುವುದು ಲಾಟರಿ. ಸಾಲೇ ತಲೆಕೆಳಗಾದ ಉದಾಹರಣೆಯೂ ಇದೆ. 2023ರ ಮಾರ್ಚಿನಲ್ಲಿ ಕ್ರೆಡಿಟ್ ಸ್ವಿಸ್ ಬ್ಯಾಂಕನ್ನು ಯುಬಿಎಸ್ ಸುಮಾರು 300 ಕೋಟಿ ಫ್ರಾಂಕಿಗೆ ಕೊಳ್ಳಲು ಒಪ್ಪಿತು. ಆ ಬೆಲೆ ಯುಬಿಎಸ್ ಷೇರುಗಳ ರೂಪದಲ್ಲಿ ಷೇರುದಾರರಿಗೆ ಹೋಯಿತು. ಅದೇ ಹೊತ್ತಿಗೆ ಸುಮಾರು 1,600 ಕೋಟಿ ಫ್ರಾಂಕ್ ಮೊತ್ತದ, ಎಟಿ1 ಎಂಬ ಬಗೆಯ (ಬ್ಯಾಂಕು ಕಷ್ಟಕ್ಕೆ ಬಿದ್ದರೆ ಅಳಿಸಿಹಾಕಬಹುದಾದ) ಬಾಂಡುಗಳನ್ನು ಸೊನ್ನೆ ಮಾಡಲಾಯಿತು. ನೀವು ಬಾಂಡ್ ಕೊಳ್ಳುವವರಾದರೆ, ಬಾಂಡಿನ ಹೆಸರು ನೋಡಿ ಸಮಾಧಾನಪಡದೆ ಷರತ್ತಿನ ಪತ್ರ ಓದಿ.

ಹೆಜ್ಜೆ 6: ಸಾಲ ಯಾಕೆ ಮಾಡಿದರು?

ಐದರಿಂದ ಹತ್ತು ವರ್ಷಗಳ ಅಂಕಿ ಸಾಲಾಗಿ ಬರೆಯಿರಿ. ಸಾಲ ಏರಿದ ವರ್ಷ ನಗದು ಹರಿವಿನ ಪಟ್ಟಿಯಲ್ಲಿ ಆ ಹಣ ಎಲ್ಲಿಗೆ ಹೋಯಿತು ನೋಡಿ. ಹೊಸ ಕಾರ್ಖಾನೆಗೆ ಹೋಗಿದ್ದರೆ ಎರಡು ಮೂರು ವರ್ಷದಲ್ಲಿ ಮಾರಾಟ, ಲಾಭ ಏರಬೇಕು. ಇನ್ನೊಂದು ಕಂಪನಿ ಕೊಳ್ಳಲು ಹೋಗಿದ್ದರೆ ಕೊಟ್ಟ ಬೆಲೆ ವಿಪರೀತವಾಗಿತ್ತೇ ಎಂದು ಕೇಳಬೇಕು. ಲಾಭಾಂಶ ಕೊಡಲು, ಷೇರು ಮರಳಿ ಕೊಳ್ಳಲು ಹೋಗಿದ್ದರೆ ವ್ಯಾಪಾರಕ್ಕೆ ಏನೂ ಸೇರಿಲ್ಲ, ಅಪಾಯ ಮಾತ್ರ ಸೇರಿದೆ. ಹಳೆಯ ನಷ್ಟ ತುಂಬಲು ಹೋಗಿದ್ದರೆ ನಾನಂತೂ ವರದಿ ಮುಚ್ಚಿ ಪಕ್ಕಕ್ಕಿಡುತ್ತೇನೆ.

ಹಾಗೆಂದು ಸಾಲವೇ ಇಲ್ಲದ ಕಂಪನಿ ಯಾವಾಗಲೂ ಶ್ರೇಷ್ಠ ಅಂತೇನಿಲ್ಲ. ಕೈತುಂಬಾ ನಗದು ಇಟ್ಟುಕೊಂಡ ಆಡಳಿತಕ್ಕೆ ಅದನ್ನು ಬೇಕಾಬಿಟ್ಟಿ ಖರ್ಚು ಮಾಡುವ ಆಸೆ ಬರುತ್ತದೆ. 1986ರಲ್ಲಿ ಅರ್ಥಶಾಸ್ತ್ರಜ್ಞ ಮೈಕೆಲ್ ಜೆನ್ಸನ್ ಇದನ್ನೇ ವಾದಿಸಿದರು. ಕಟ್ಟಲೇಬೇಕಾದ ಬಡ್ಡಿ ಆಡಳಿತದ ಕೈ ಕಟ್ಟಿಹಾಕುತ್ತದೆ ಎಂದು. ನಗದಿದ್ದೂ ಸಾಲ ಮಾಡುವವರೂ ಇದ್ದಾರೆ. ಆ್ಯಪಲ್ 2013ರ ಏಪ್ರಿಲ್‌ನಲ್ಲಿ 1,700 ಕೋಟಿ ಡಾಲರಿನ ಬಾಂಡ್ ಮಾರಿತು. ಅದರ ಬಹಳಷ್ಟು ನಗದು ಹೊರದೇಶಗಳಲ್ಲಿತ್ತು, ಒಳಗೆ ತಂದರೆ ತೆರಿಗೆ ಬೀಳುತ್ತಿತ್ತು. ಷೇರುದಾರರಿಗೆ ಹಣ ಮರಳಿಸಲು ಅಗ್ಗದ ಸಾಲವೇ ಲೇಸು ಎಂದು ಲೆಕ್ಕ ಹಾಕಿತು.

ಸಾಲದ ಬದಲು ಹೊಸ ಷೇರು ಮಾರಿದರೂ ನಿಮಗೆ ಖರ್ಚಿದೆ. ‘ಬ’ಯಲ್ಲಿ ಒಟ್ಟು 40 ಷೇರು ಇವೆ ಅನ್ನಿ. ಕೆಟ್ಟ ವರ್ಷದಲ್ಲಿ ತುರ್ತಾಗಿ 100 ಬೇಕಾಯಿತು. ಷೇರಿನ ಬೆಲೆ 4ಕ್ಕೆ ಬಿದ್ದಿದೆ. 25 ಹೊಸ ಷೇರು ಮಾರಬೇಕು. ಹಳಬರ ಪಾಲು ಪೂರ್ತಿಯಿಂದ ಶೇ 61.5ಕ್ಕೆ ಇಳಿಯಿತು. ಬೆಲೆ 10 ಇದ್ದಾಗಲೇ ತಂದಿದ್ದರೆ 10 ಷೇರು ಸಾಕಿತ್ತು, ಪಾಲು ಶೇ 80 ಉಳಿಯುತ್ತಿತ್ತು. ಸಾಲದ ಭಾರ ಹೊತ್ತ ಕಂಪನಿ ಷೇರು ಮಾರುವುದು ಬೆಲೆ ಬಿದ್ದಾಗಲೇ, ಬೇರೆ ದಾರಿ ಇಲ್ಲದಾಗಲೇ. ದಿವಾಳಿ ಆಗದಿದ್ದರೂ ಷೇರುದಾರರು ಕಳೆದುಕೊಳ್ಳುವುದು ಹೀಗೆ. ಸುದ್ದಿಯಾಗುವುದು ದಿವಾಳಿ, ಮಾಮೂಲಿಯಾಗಿ ನಡೆಯುವುದು ಇದು.

ಇನ್ನೊಂದು ಸೂಚನೆ. ಒಳಗಿನವರಿಗೆ ಕಂಪನಿಯ ನಿಜವಾದ ಬೆಲೆ ನಮಗಿಂತ ಚೆನ್ನಾಗಿ ಗೊತ್ತು. ಷೇರು ದುಬಾರಿ ಅನ್ನಿಸಿದಾಗ ಮಾರಲು ಅವರಿಗೆ ಇಷ್ಟ. ಹಾಗಾಗಿ ಹೊಸ ಷೇರು ಬರುತ್ತದೆಂದು ಘೋಷಿಸಿದ ದಿನ ಬೆಲೆ ಇಳಿಯುವುದು ಮಾಮೂಲಿ. ಸ್ಟುವರ್ಟ್ ಮೈಯರ್ಸ್ ಮತ್ತು ನಿಕೊಲಾಸ್ ಮಜ್ಲುಫ್ ಎಂಬ ಹಣಕಾಸು ಪಂಡಿತರು 1984ರಲ್ಲಿ ಈ ನಡೆಗೆ ಕಾರಣ ಕೊಟ್ಟರು. ಕಂಪನಿಗಳು ಮೊದಲು ಉಳಿಸಿದ ಲಾಭ, ಆಮೇಲೆ ಸಾಲ, ಕಡೆಗೆ ಷೇರು ಎಂಬ ಸರದಿ ಹಿಡಿಯುವುದೂ ಇದರಿಂದಲೇ.

ಹೆಜ್ಜೆ 7: ಕೆಟ್ಟ ವರ್ಷವನ್ನು ನೀವೇ ತಂದು ನೋಡಿ

ಈಗ ಹಾಳೆಯಲ್ಲಿ ಎಲ್ಲ ಇದೆ. ಕಳೆದ ಹತ್ತು ವರ್ಷಗಳಲ್ಲಿ ಕಂಪನಿಯ ಲಾಭ ಅತಿ ಹೆಚ್ಚು ಎಷ್ಟು ಶೇಕಡಾ ಇಳಿದಿತ್ತು ಹುಡುಕಿ. ಈ ವರ್ಷದ ಲಾಭವನ್ನು ಅಷ್ಟೇ ಶೇಕಡಾ ಇಳಿಸಿ. ಏರಿಳಿಯುವ ದರದ ಸಾಲಕ್ಕೆ ಇನ್ನೊಂದು ಶೇ 2 ಬಡ್ಡಿ ಸೇರಿಸಿ. ಬಡ್ಡಿ ರಕ್ಷಣೆ ಮತ್ತೆ ಲೆಕ್ಕ ಹಾಕಿ. ಆಮೇಲೆ ಕೈಯಲ್ಲಿರುವ ನಗದು, ಬ್ಯಾಂಕು ಕೊಡುತ್ತೇನೆಂದು ಒಪ್ಪಿದ ಆದರೆ ಇನ್ನೂ ಬಳಸದ ಸಾಲದ ಮಿತಿ, ಎರಡನ್ನೂ ಕೂಡಿಸಿ, ಮುಂದಿನ ಎರಡು ವರ್ಷದಲ್ಲಿ ಬರುವ ಗಡುವುಗಳ ಪಕ್ಕ ಇಡಿ.

‘ಬ’ಗೆ ಮಾಡಿ ನೋಡೋಣ. ಸಾಧಾರಣ ವರ್ಷದ 150 ಅರ್ಧಕ್ಕೆ ಇಳಿದು 75. ಸಾಲವೆಲ್ಲ ಏರಿಳಿಯುವ ದರದ್ದಾಗಿದ್ದರೆ ಶೇ 12ರಂತೆ ಬಡ್ಡಿ 72. ರಕ್ಷಣೆ 1.04. ಬದುಕುತ್ತದೆ, ಉಸಿರು ಬಿಗಿಹಿಡಿದು. ಮುಂದಿನ ಎರಡು ವರ್ಷದಲ್ಲಿ ಬರುವ ಅಸಲು 50 ಮಾತ್ರವಾಗಿ, ಕೈಯಲ್ಲಿ 80 ನಗದಿದ್ದರೆ ‘ಬ’ ಆ ವರ್ಷ ದಾಟುತ್ತದೆ. ಅಲ್ಲಿ 300ರ ಗಡುವಿದ್ದರೆ, ಇವತ್ತಿನ ಶೇ 16.9ರ ಗಳಿಕೆ ನೋಡಿ ನಾನು ಆ ಷೇರು ಕೊಳ್ಳುವುದಿಲ್ಲ. ಅಥವಾ ಅಪಾಯಕ್ಕೆ ತಕ್ಕಷ್ಟು ಬೆಲೆ ಇಳಿಯುವವರೆಗೆ ಕಾಯುತ್ತೇನೆ.

ಹಾಳೆಯ ಮೇಲೆ ದಿನಾಂಕ ಬರೆದಿಡಿ. ಪೂರ್ತಿ ಲೆಕ್ಕವನ್ನು ವರ್ಷಕ್ಕೊಮ್ಮೆ, ವಾರ್ಷಿಕ ವರದಿ ಬಂದಾಗ ಹೊಸದಾಗಿ ಮಾಡಿದರೆ ಸಾಕು. ನಡುವೆ ಕಂಪನಿ ದೊಡ್ಡ ಖರೀದಿ ಘೋಷಿಸಿದರೆ, ಸಾಲ ತೀರಿಸುವ ಶಕ್ತಿಯನ್ನು ಅಳೆಯುವ ರೇಟಿಂಗ್ ಸಂಸ್ಥೆ ದರ್ಜೆ ಇಳಿಸಿದರೆ, ಹಣಕಾಸು ಮುಖ್ಯಸ್ಥರು ಅಥವಾ ಲೆಕ್ಕ ಪರಿಶೋಧಕರು ಅವಧಿಗೆ ಮುಂಚೆ ಬಿಟ್ಟುಹೋದರೆ, ಕಾಯಬೇಡಿ. ಅವತ್ತೇ ಹಾಳೆ ತೆಗೆದು ಗಡುವಿನ ಪಟ್ಟಿಯಿಂದ ಶುರುಮಾಡಿ.